ಅರ್ಧ ಜಾಗ

ಸತ್ತ ಗಂಡನನ್ನು ತನ್ನ ತಲೆಯೊಳಗೇ ಇನ್‌ಸ್ಟಾಲ್ ಮಾಡಿಸಿಕೊಂಡಾಗ ನೀಲವ್ವ ಅವನಿಗೆ ಅರ್ಧ ಜಾಗ ಬಿಟ್ಟುಕೊಟ್ಟಿದ್ದಳು. ಒಂದೇ ದೇಹ, ಸರದಿಯ ಮೇಲೆ ಇಬ್ಬರು. ಓಣಿಯ ಎಷ್ಟೋ ಮನೆಗಳಲ್ಲಿ ಹಾಗೆಯೇ. ಈಗ ಅವಳು ಏಳುವುದು ಒಲೆ ಹಚ್ಚುವುದಕ್ಕೆ. ಎಣ್ಣೆಗಾಯಿ ತಟ್ಟೆಗೆ ಬೀಳುತ್ತಲೇ ಅವನು ಏಳುತ್ತಾನೆ. ಮತ್ತೆ ಅವಳಿಗೆ ಎಚ್ಚರವಾಗುವುದು ಎಂಜಲು ತಟ್ಟೆಯ ಮುಂದೆ.

ತರಕಾರಿಗೆಂದು ಹೊರಟವಳು ಇನ್‌ಸ್ಟಾಲ್ ಮಾಡಿದ ಅಂಗಡಿಗೆ ಹೋದಳು.

"ಯಾರು ಯಾವಾಗ ಏಳಬೇಕನ್ನೋದನ್ನ ಯಜಮಾನ್ರು ಬದಲ್ ಮಾಡ್ಯಾರ್ರೀ ಅಕ್ಕಾರ. ಪಾಸ್‌ವರ್ಡ್ ಅವರ ಹತ್ರಾನ ಐತಿ," ಎಂದ ಅಂಗಡಿಯವನು.

"ಹಂಗಾರ ಅವರನ್ನ ಅಳಿಸಿಬಿಡ್ರಿ."

"ಅದಕ್ಕೂ ಅವರ ಒಪ್ಪಿಗಿನ ಬೇಕ್ರಿ."

ನೀಲವ್ವ ಮನೆಗೆ ಬಂದು ಎಣ್ಣೆಗಾಯಿಗೆ ಬೇಕೆಂದೇ ಹಿಡಿ ಉಪ್ಪು ಸುರಿದು ತಟ್ಟೆಗೆ ಬಡಿಸಿದಳು.

ಎಚ್ಚರವಾದಾಗ ತಟ್ಟೆ ಗೋಡೆಯ ಬುಡದಲ್ಲಿ ಬಿದ್ದಿತ್ತು. ಕೆನ್ನೆ ಚುರುಗುಡುತ್ತಿತ್ತು. ಅವಳದೇ ಬಲಗೈ ಕೆಂಪಾಗಿತ್ತು.