ಗಡ್ಡೆ ಕೇಳಿದ ಪ್ರಶ್ನೆ

"ಮತ್ತ ಬಂದ್ಯಾ? ಹೋದ ಸರ್ತಿ ಕೂದಲಾ ಕಳಕೊಂಡಿದ್ದು ಸಾಲಲಿಲ್ಲೇನು?" ಎಂದಿತು ಮೇಜಿನ ಮೇಲಿನ ಸ್ಪೀಕರ್.

ಮಾತಾಡಿದ್ದು ವತ್ಸಲಾಬಾಯಿಯ ಹೊಟ್ಟೆಯೊಳಗಿನ ಗಡ್ಡೆ. ಅಂಡಾಶಯದ ಕ್ಯಾನ್ಸರ್ ಮರಳಿ ಬಂದಿತ್ತು. ಧಾರವಾಡದಲ್ಲಿ ಈಗ ಕಿಮೋ ಔಷಧ ಆರಿಸುವ ಮೊದಲು ಗಡ್ಡೆಯ ಜೀನ್ ಓದಿಸಿ, ಯಾವ ಔಷಧಕ್ಕೆ ಹೆದರುತ್ತದೆಂದು ಅದನ್ನೇ ಮಾತಾಡಿಸಿ ನೋಡುವುದು ರೂಢಿ. ರೋಗಿಯ ಮೈಯಲ್ಲೇ ಹುಟ್ಟಿದ್ದರಿಂದ ದನಿಯೂ ಚಾಳಿಯೂ ರೋಗಿಯದೇ.

ಡಾಕ್ಟರ್ ಬೆಳವಡಿ ಮೊದಲ ಔಷಧದ ಹೆಸರು ಹೇಳಿದರು.

"ಅಯ್ಯಯ್ಯೋ, ಅದನ್ನ ತರಬ್ಯಾಡ್ರಿ! ಸತ್ತೇ ಹೋಗ್ತೀನಿ!" ಗಡ್ಡೆ ಬೊಬ್ಬೆ ಹಾಕಿತು.

"ಹೆದರೇದ. ಇದನ್ನ ಕೊಡೋಣೇನ್ರಿ ಬಾಯಾರ?" ಎಂದರು ಡಾಕ್ಟರು.

"ನಾಟಕ ಅದು. ಹೆದರಿದಾಗ ನಾ ಒದರೂದಿಲ್ಲ. ಮುಂದಿಂದು ಹೇಳ್ರಿ," ಎಂದರು ವತ್ಸಲಾಬಾಯಿ.

ಎರಡನೆಯ ಹೆಸರಿಗೆ ಗಡ್ಡೆ ನಕ್ಕಿತು. "ಮುದುಕಿ, ನಿನ್ನ ಮುಗಿಸೇ ಹೋಗ್ತೀನಿ ನಾನು."

ಡಾಕ್ಟರು ಮೂರನೆಯ ಹೆಸರು ಹೇಳಿದರು. ಗಡ್ಡೆ ಬಹಳ ಮೆತ್ತಗೆ ಕೇಳಿತು: "ಊಟ ಆತೇನವಾ?"

ವತ್ಸಲಾಬಾಯಿ ನೆಟ್ಟಗೆ ಕೂತರು. ಅವರು ಹೆಡ್‌ಮಿಸ್ಟ್ರೆಸ್ ಆಗಿದ್ದ ಶಾಲೆಗೆ ಇನ್‌ಸ್ಪೆಕ್ಟರ್ ದಿಢೀರನೆ ಬಂದಾಗ, ಗಂಡನಿದ್ದ ಐಸಿಯುವಿನಿಂದ ಡಾಕ್ಟರು ತಲೆ ತಗ್ಗಿಸಿ ಹೊರಬಂದಾಗ, ಹೆದರಿಕೆ ಮುಚ್ಚಿಕೊಳ್ಳಲು ಅವರು ಕೇಳಿದ್ದು ಇದೇ ಪ್ರಶ್ನೆ. ಇದೇ ದನಿಯಲ್ಲಿ.

"ಡಾಕ್ಟರ, ಇದನ್ನ ಹಚ್ಚರಿ," ಎಂದವರೇ ಸ್ಪೀಕರಿನ ಹತ್ತಿರಕ್ಕೆ ಬಾಗಿದರು. "ಇಲ್ಲ ನಮ್ಮವ್ವಾ, ಇನ್ನೂ ಆಗಿಲ್ಲ. ನಿನ್ನ ತಿಥಿ ಊಟಕ್ಕ ಹಸಕೊಂಡು ಕೂತೀನಿ."