ನಮ್ಮ ಬೀದಿಯ ಚುಕ್ಕೆ

"ಯಾರ್ರೀ ನನ್ನ ನಕ್ಷೆ ಮುಟ್ಟಿದ್ದು?" ವರದಿಗಾರ್ತಿ ಕೂಗಿದಳು. ಬೀದಿದೀಪ ಕೆಟ್ಟರೆ ಕೆಂಪು ಚುಕ್ಕೆ, ಹತ್ತಿದರೆ ಹಸಿರು ಎಂದು ಓದುಗರೇ ಪತ್ರಿಕೆಯ ಜಾಲತಾಣದಲ್ಲಿ ಗುರುತಿಸುವ ನಕ್ಷೆ ಅದು. 'ಊರೆಲ್ಲ ಕತ್ತಲು' ಎಂಬ ಅವಳ ಸುದ್ದಿಯ ಜೊತೆ ನಾಳೆಯ ಮುಖಪುಟಕ್ಕೆ ಹೋಗಬೇಕಿತ್ತು. ಇದುವರೆಗೆ ಒಂದೂ ಹಸಿರಾಗಿರಲಿಲ್ಲ. ಈಗ ಅವಳ ಬೀದಿಯ ಚುಕ್ಕೆಯೇ ಹಸಿರು! ತಪ್ಪು ಮಾಹಿತಿಯೆಂದು ಕೆಂಪು ಮಾಡಿದಳು. ಮತ್ತೆ ಹಸಿರಾಯಿತು. ಮತ್ತೆ ಕೆಂಪು ಮಾಡಿದ್ದೇ ತಡ, ಅಮ್ಮನ ಫೋನು ಬಂತು.

"ನಿನ್ನ ನಕ್ಷೆ ನೋಡ್ಕೊಂಡೇ ರಿಪೇರಿಯವರು ಬಂದಿದ್ರು ಕಣೇ, ನಮ್ಮ ದೀಪ ಹತ್ತಿದೆ! ನಾನು ಹಸಿರು ಒತ್ತಿದ್ರೆ ಯಾವನೋ ತಲೆಹರಟೆ ಮತ್ತೆ ಮತ್ತೆ ಕೆಂಪು ಮಾಡ್ತಿದಾನೆ!"

ಅವಳ ಕೈ ಮೌಸಿನ ಮೇಲೆಯೇ ನಿಂತಿತು. ತೆರೆಯ ಮೇಲೆ ಪಕ್ಕದ ಬೀದಿ ಹಸಿರಾಯಿತು, ಅದರಾಚೆಯದೂ.

"ಹೋಯ್ತಲ್ಲಮ್ಮ ನಿನ್ನ ಮುಖಪುಟ," ಹಿಂದೆ ನಿಂತಿದ್ದ ಸಂಪಾದಕರು ನಕ್ಕರು.

"ಹೋಗ್ಲಿ ಬಿಡಿ ಸಾರ್," ಎಂದಳು, ಆ ತಲೆಹರಟೆ ಯಾರೆಂದು ಅಮ್ಮನಿಗೆ ಹೇಳದೆ ಚುಕ್ಕೆಯನ್ನು ಮೆಲ್ಲಗೆ ಹಸಿರು ಮಾಡುತ್ತಾ.