ಹಿಮದ ಬದಲು ಧೂಳು

ನಮ್ಮ ಮನೆಯ ಗೋಡೆಗಳು ಇವತ್ತೂ ಬೆಳಗಾಗುವುದರೊಳಗೆ ಕಾದು ಸುಡುತ್ತಿದ್ದವು. ಗಾಳಿ ಎದ್ದು ಮಾಳಿಗೆಯ ಮೇಲೆ ಕೆಂಧೂಳು ಕೂತಿತ್ತು. ಧೂಳು ಕೂತರೆ ಗೋಡೆ ಕಾಯಲೇಬೇಕು, ಅದು ನಿಯಮ. ಪುರಸಭೆ ಒಪ್ಪಿದ ನಿಯಮವನ್ನು ಈಗಿನ ಮನೆಗಳು ತಾವಾಗಿಯೇ ಪಾಲಿಸುತ್ತವೆ, ನಮ್ಮನ್ನು ಕೇಳುವುದಿಲ್ಲ.

ಬಾಣಂತಿ ಸೊಸೆ ಕೂಸನ್ನೆತ್ತಿಕೊಂಡು ಬೀದಿಯ ಬೇವಿನ ಮರದ ಕೆಳಗೆ ಕೂತಿದ್ದಳು. ಕೂಸಿನ ಬೆನ್ನ ತುಂಬ ಬೆವರುಸಾಲೆ. ನಾನು ಮಾಳಿಗೆ ಗುಡಿಸಿ, ಬುಟ್ಟಿ ತುಂಬಿದ ಧೂಳನ್ನು ಹೊತ್ತು ನಮ್ಮ ವಾರ್ಡಿನ ಮೆಂಬರ್ ವಿರುಪಣ್ಣನ ಮನೆಗೆ ನಡೆದೆ. ಅವನ ಅಂಗಳದಲ್ಲಿ ಅವನಿಗೇ ಸನ್ಮಾನ ನಡೆದಿತ್ತು.

"ಮನಿಯಾಗ ಕೂಸು ಬೇಯಾಕ ಹತ್ತೈತ್ರೀ. ಇಂಥಾ ನಿಯಮ ಯಾಕ ತಂದ್ರಿ?" ಎಂದೆ.

"ಹುಲಿಗೆಮ್ಮಕ್ಕ, ರಾಜ್ಯ ಸರ್ಕಾರ ಚಳಿ ದೇಶದ ನಿಯಮಾನ ಇದ್ದಂಗ ತಂದಿತ್ತು. ಮಾಳಿಗಿ ಮ್ಯಾಲ ಹಿಮ ಬಿದ್ರ ಗ್ವಾಡಿ ಕಾದು ಕರಗಿಸಬೇಕು ಅಂತಿತ್ತು. ನಮ್ಮೂರಾಗ ಹಿಮ ಎಲ್ಲೈತಿ? ಊರಿಗೆ ತಕ್ಕಂಗ ತಿದ್ದಾಕ ನಮಗ ಅಧಿಕಾರ ಇತ್ತು. ಹಿಮ ಅಂತಿದ್ದಲ್ಲೆಲ್ಲ ಧೂಳು ಅಂತ ಮಾಡಿದ್ವಿ. ಅದಕ್ಕ ಈ ಶಾಲು!"

ತನ್ನ ಮನೆಯ ತಣ್ಣನೆಯ ಗೋಡೆಗೆ ಬೆನ್ನು ಕೊಟ್ಟು ನಕ್ಕ. ಪುರಸಭೆಯ ಪೌರಕಾರ್ಮಿಕರಿಬ್ಬರು ಅವನ ಮಾಳಿಗೆ ಗುಡಿಸಿ ಏಣಿಯಿಂದ ಇಳಿಯುತ್ತಿದ್ದರು.

ಅವರು ಇಳಿದ ಏಣಿಯನ್ನೇ ಹತ್ತಿ ಅವನ ಮಾಳಿಗೆಯ ಮೇಲೆ ಬುಟ್ಟಿಯನ್ನು ಬೋರಲು ಹಾಕಿದೆ. ಕೆಳಗೆ ವಿರುಪಣ್ಣ ಬೆನ್ನು ಸುಟ್ಟವನಂತೆ ಚೀರಿ, ಶಾಲು ಕಿತ್ತೆಸೆಯಹೊರಟ.

"ಹೊದ್ಕೊಂಡ ಇರ್ರಿ ಮೆಂಬರ್ರ," ಎಂದೆ, "ಇನ್ನೊಂದು ಬುಟ್ಟಿ ತರತೀನಿ."